‘ನಾ ಅಕಿ ಬಾಜೂಕ ಕುಂದ್ರಂಗಿಲ್ಲ’: ಆರು ವರ್ಷದ ಮಗ ಇದನ್ನು ಎಲ್ಲಿ ಕಲಿತ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಒಂದು ದೊಡ್ಡ ಹಳ್ಳಿಯವರು. ಮಗನಿಗೆ ಆರು ವರ್ಷ, ಊರ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿ. ಹೋದ ವಾರ ಶಾಲೆಯಿಂದ ಬಂದವನೇ “ನಾ ಅಕಿ ಬಾಜೂಕ ಕುಂದ್ರಂಗಿಲ್ಲ, ಅವರ ಮಂದಿ ಹೊಲಸ ಇರ್ತಾರ” ಅಂದ. ಆ ಹುಡುಗಿ ಊರಂಚಿನ ಓಣಿಯವಳು. ಇವನು ಅತ್ತು ಗಲಾಟೆ ಮಾಡಿದ್ದಕ್ಕೆ ಟೀಚರ್ ಇವನ ಜಾಗ ಬದಲಿಸಿದ್ದಾರೆ. ನಾನು, ನಮ್ಮ ಯಜಮಾನರು ಇಬ್ಬರೂ ಓದಿದವರು. ಮನೆಯಲ್ಲಿ ಜಾತಿಯ ಮಾತು ಆಡುವುದಿಲ್ಲ. ಅತ್ತೆಯವರು ಮಾತ್ರ ಹಳೇ ಪದ್ಧತಿಯವರು, ಹೊಲದ ಆಳುಗಳಿಗೆ ಚಹಾದ ಗ್ಲಾಸು ಬೇರೆ ಇಟ್ಟಿದ್ದಾರೆ. ಮಗ ಇದನ್ನು ಎಲ್ಲಿ ಕಲಿತ? ಬೈಯಬೇಕಾ? ಸಣ್ಣವನು, ಮರೆತುಬಿಡುತ್ತಾನೆ ಅಂತ ಸುಮ್ನೆ ಬಿಡಬೇಕಾ?
– ಒಬ್ಬ ತಾಯಿ

ಉತ್ತರ: ಅಕ್ಕಾರೇ, ಸುಮ್ನೆ ಬಿಡಬೇಡಿ. ಹೊಡೆಯಲೂ ಬೇಡಿ. ಈ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಭಾಗದ ಮನೆಗಳಲ್ಲಿ ಹೆಚ್ಚಾಗಿ ಆಗುವುದು ಇವೆರಡೇ. ಒಂದೋ ಕೆನ್ನೆಗೆ ಒಂದು ಬೀಳುತ್ತದೆ, ಇಲ್ಲವೇ “ಹುಡುಗ್ರ ಮಾತು” ಅಂತ ನಕ್ಕು ಮುಗಿಯುತ್ತದೆ.

ಮರೆತುಬಿಡುತ್ತಾನೆ ಅನ್ನುವುದಕ್ಕೆ ಆಧಾರವಿಲ್ಲ. ಬೇರೆ ಬೇರೆ ದೇಶಗಳಲ್ಲಿ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ 2011ರಲ್ಲಿ ಒಂದು ವಿಶ್ಲೇಷಣೆ ಬಂತು. ಬೇರೆ ಗುಂಪಿನವರ ಬಗ್ಗೆ ಮಕ್ಕಳ ಪೂರ್ವಗ್ರಹ ಐದರಿಂದ ಏಳು ವರ್ಷದ ನಡುವೆ ತುಂಬಾ ಏರುತ್ತದೆ, ಆಮೇಲೆ ಎಂಟರಿಂದ ಹತ್ತರ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ ಅಂತ ಅದರಲ್ಲಿ ಕಂಡಿತು. ಆದರೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅನ್ನುವುದು ಮಗು ಬೆಳೆಯುವ ವಾತಾವರಣದ ಮೇಲೆ ನಿಂತಿದೆ. ನಿಮ್ಮ ಮಗ ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾನೆ. ಈಗ ಕೇಳಿದ್ದು ಒಳ್ಳೆಯದಾಯಿತು. ಹದಿನಾರಕ್ಕೆ ಕೇಳಿದ್ದರೆ ನನ್ನ ಉತ್ತರ ಇಷ್ಟು ಭರವಸೆಯದು ಆಗುತ್ತಿರಲಿಲ್ಲ.

ಇನ್ನು, ಎಲ್ಲಿ ಕಲಿತ ಅನ್ನುವುದು. ಇದರಲ್ಲಿ ಎರಡು ಸಂಗತಿ ಒಂದಕ್ಕೊಂದು ಬೆರೆತಿವೆ. ಅವನ್ನು ಬಿಡಿಸಿ ನೋಡಬೇಕು.

ಗುಂಪು ಕಟ್ಟಿಕೊಳ್ಳುವುದು, ನಮ್ಮವರು ಅನ್ನುವುದು ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಅಮೆರಿಕದಲ್ಲಿ ಐದು ವರ್ಷದ ಮಕ್ಕಳಿಗೆ ಸುಮ್ನೆ ಎರಡು ಬಣ್ಣದ ಅಂಗಿ ಹಾಕಿಸಿ ನೋಡಿದ್ದಾರೆ. ಯಾರಿಗೆ ಯಾವ ಬಣ್ಣ ಅನ್ನುವುದಕ್ಕೆ ಅರ್ಥವೇ ಇರಲಿಲ್ಲ. ಆದರೂ ತನ್ನ ಬಣ್ಣದ ಅಂಗಿಯ ಮಕ್ಕಳೇ ಒಳ್ಳೆಯವರು ಅನ್ನುವ ಕಡೆಗೆ ಮಕ್ಕಳು ವಾಲಿದರು. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು-ಹದಿನೈದರ ಹುಡುಗರಲ್ಲಿ ಇದೇ ಸ್ವಭಾವ ತೋರಿಸಿದ್ದರು. ಯಾವ ಚಿತ್ರಕಾರನ ಚಿತ್ರ ಇಷ್ಟ ಅನ್ನುವಂಥ ಸಣ್ಣ ನೆಪದ ಮೇಲೆ ಗುಂಪು ಮಾಡಿದರೂ ಸಾಕು, ಹುಡುಗರು ತಮ್ಮ ಗುಂಪಿಗೇ ಹೆಚ್ಚು ಹಣ ಹಂಚುತ್ತಿದ್ದರು.

ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನುವುದನ್ನು ಮಗು ತಾನಾಗಿ ತೀರ್ಮಾನಿಸುವುದಿಲ್ಲ. ನಿಮ್ಮ ಮಗನ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವವರು ಇರಬಹುದು. ಎತ್ತರದವರು, ಗಿಡ್ಡ ಇರುವವರು, ಗುಂಗುರು ಕೂದಲಿನವರು ಇರುತ್ತಾರೆ. “ಎಡಗೈಯವರ ಬಾಜೂಕ ಕುಂದ್ರಂಗಿಲ್ಲ” ಅಂತ ಅವನು ಯಾಕೆ ಅನ್ನಲಿಲ್ಲ? ಆ ವ್ಯತ್ಯಾಸಕ್ಕೆ ದೊಡ್ಡವರು ಬೆಲೆ ಕೊಟ್ಟಿದ್ದನ್ನು ಅವನು ನೋಡಿಲ್ಲ. ಓಣಿಯ ವ್ಯತ್ಯಾಸಕ್ಕೆ ಬೆಲೆ ಕೊಟ್ಟಿದ್ದನ್ನು ನೋಡಿದ್ದಾನೆ.

ಇದನ್ನು ಚೆನ್ನಾಗಿ ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್. 1997ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲೂ ಮಕ್ಕಳಿಗೆ ಎರಡು ಬಣ್ಣದ ಅಂಗಿ ಹಾಕಿಸಿ, ಕೆಲವು ವಾರ ಅದರಲ್ಲೇ ತರಗತಿ ನಡೆಸಿದರು. ಕೆಲವು ತರಗತಿಗಳಲ್ಲಿ ಟೀಚರ್‌ಗಳು ಬಣ್ಣವನ್ನು ಬಳಸಿದರು: ಈ ಬಣ್ಣದವರು ಇಲ್ಲಿ ಕೂಡಿ, ಆ ಬಣ್ಣದವರು ಆ ಸಾಲಿಗೆ ಬನ್ನಿ. ಒಬ್ಬರನ್ನೂ ಹೊಗಳಲಿಲ್ಲ, ಒಬ್ಬರನ್ನೂ ಬೈಯಲಿಲ್ಲ. ಇನ್ನು ಕೆಲವು ತರಗತಿಗಳಲ್ಲಿ ಬಣ್ಣದ ಸುದ್ದಿಗೇ ಹೋಗಲಿಲ್ಲ. ಬಣ್ಣ ಬಳಸಿದ ಕಡೆ ಮಕ್ಕಳಿಗೆ ತಮ್ಮ ಗುಂಪಿನ ಪಕ್ಷಪಾತ ಬಂತು. ಬಳಸದ ಕಡೆ ಅದು ಅಷ್ಟಾಗಿ ಕಾಣಲಿಲ್ಲ. ಕೂರಿಸುವ, ಸಾಲು ಮಾಡುವ ಕ್ರಮವೊಂದೇ ಸಾಕಾಯಿತು.

ಈಗ ನಿಮ್ಮ ಮನೆಗೆ ಬರೋಣ. ನೀವು ಜಾತಿಯ ಮಾತು ಆಡುವುದಿಲ್ಲ ಅಂತ ಬರೆದಿದ್ದೀರಿ. ಅದನ್ನು ನಾನು ಪೂರ್ತಿ ನಂಬುತ್ತೇನೆ. ಮಾತು ಬೇಕಾಗಿಯೇ ಇಲ್ಲ. ತೊಗರಿ ರಾಶಿಯ ದಿನ ನೆನಪಿಸಿಕೊಳ್ಳಿ. ಆಳುಗಳು ಅಂಗಳಕ್ಕೆ ಬಂದಿದ್ದಾರೆ. ಒಳಗಿನವರಿಗೆ ಅಡುಗೆಮನೆಯ ಸ್ಟೀಲ್ ಗ್ಲಾಸು. ಅವರಿಗೆ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ಬೇರೆ ಗ್ಲಾಸು. ಅದನ್ನು ಅವರೇ ತೊಳೆದು ತಗೋಬೇಕು, ಕುಡಿದು ಅವರೇ ತೊಳೆದಿಡಬೇಕು. ಚಹಾ ಮೇಲಿಂದ ಬೀಳುತ್ತದೆ, ಪಾತ್ರೆಗೆ ಪಾತ್ರೆ ತಾಗುವುದಿಲ್ಲ. ಬಾಗಿಲಲ್ಲಿ ನಿಂತ ಹುಡುಗ ಅಜ್ಜಿಯ ಕೈಯನ್ನೇ ನೋಡುತ್ತಿರುತ್ತಾನೆ. ಅವನು ಆಡಲು ಹೋಗಿ ಆ ಗ್ಲಾಸು ಮುಟ್ಟಿದರೆ ಅಜ್ಜಿಯ ಮುಖ ಕಿವುಚಿಕೊಳ್ಳುತ್ತದೆ. “ಛೀ, ಮುಟ್ಟಬ್ಯಾಡ!”

ಆ ಛೀ, ಆ ಮುಖ ಅವನಿಗೆ ಮೊದಲೇ ಪರಿಚಯ. ಮೋರಿಗೆ ಕೈ ಹಾಕಿದಾಗ ನೋಡಿದ್ದಾನೆ. ನೆಲಕ್ಕೆ ಬಿದ್ದ ಸಿಹಿ ಎತ್ತಿ ಬಾಯಿಗಿಟ್ಟಾಗ ನೋಡಿದ್ದಾನೆ. ಹುಟ್ಟುವಾಗ ಮಕ್ಕಳಿಗೆ ಹೇಸಿಗೆ ಅನ್ನುವುದು ಗೊತ್ತಿರುವುದಿಲ್ಲ. ಒಂದೂವರೆ-ಎರಡು ವರ್ಷದವರು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರೆ. ಯಾವುದು ಹೇಸಿಗೆ ಅನ್ನುವುದನ್ನು ಬಹುಮಟ್ಟಿಗೆ ದೊಡ್ಡವರ ಮುಖ ನೋಡಿಯೇ ಕಲಿಯುತ್ತಾರೆ. ಅದು ಆರೋಗ್ಯಕ್ಕೆ ಬೇಕಾದ ಪಾಠ. ಅದೇ ದಾರಿಯಲ್ಲಿ, ಅದೇ ಮುಖದ ಜೊತೆ, ಒಂದು ಓಣಿಯ ಮನುಷ್ಯರನ್ನೂ ಮಗುವಿನ ತಲೆಯೊಳಗೆ ಕಳಿಸುತ್ತಿದ್ದೇವೆ. ಮಗುವಿಗೆ ಅದು ಇದು ಬೇರೆ ಅಂತ ತಿಳಿಯುವುದು ಹೇಗೆ? ಅವನ ಬಾಯಲ್ಲಿ ‘ಹೊಲಸು’ ಅನ್ನುವ ಮಾತೇ ಬಂದದ್ದು ಇದಕ್ಕೆ. ‘ಅವಳು ಕೆಟ್ಟವಳು’ ಅಂತ ಅವನು ಅನ್ನಲಿಲ್ಲ, ಗಮನಿಸಿದಿರಾ?

ಮುಖ, ಮೈ, ದನಿ ಎಷ್ಟು ಬೇಗ ಕೆಲಸ ಮಾಡುತ್ತವೆ ಅನ್ನುವುದಕ್ಕೆ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ನೋಡಿ. 2017ರಲ್ಲಿ ಪ್ರಕಟವಾಯಿತು. ನಾಲ್ಕೈದು ವರ್ಷದ ಮಕ್ಕಳಿಗೆ ಚಿಕ್ಕ ವಿಡಿಯೊ ತೋರಿಸಿದರು. ಅದರಲ್ಲಿ ದೊಡ್ಡವರು ಒಬ್ಬರ ಜೊತೆ ನಗುತ್ತಾ, ಹತ್ತಿರ ಬಾಗಿ ಮಾತಾಡುತ್ತಾರೆ. ಇನ್ನೊಬ್ಬರ ಜೊತೆ ಮುಖ ಗಂಟಿಕ್ಕಿ, ಹಿಂದೆ ಸರಿದು ಮಾತಾಡುತ್ತಾರೆ. ಆಡಿದ ಮಾತು ಎರಡೂ ಕಡೆ ಒಂದೇ. ಆಮೇಲೆ ಕೇಳಿದರೆ, ಹೆಚ್ಚಿನ ಮಕ್ಕಳು ನಗುಮುಖ ಸಿಕ್ಕವರನ್ನೇ ಇಷ್ಟಪಟ್ಟರು. ಅವರ ಗೆಳೆಯರು ಅಂತ ತೋರಿಸಿದವರನ್ನೂ ಹಾಗೇ ಇಷ್ಟಪಟ್ಟರು. ಒಬ್ಬರಿಂದ ಇಡೀ ಗುಂಪಿಗೆ ಹಬ್ಬಿತು. ನಿಮ್ಮ ಮಗ ನೋಡುತ್ತಿರುವುದು ಒಂದು ಚಿಕ್ಕ ವಿಡಿಯೊ ಅಲ್ಲ, ಪ್ರತಿ ಸುಗ್ಗಿಯಲ್ಲೂ ನಡೆಯುವ ಪದ್ಧತಿ.

ಇನ್ನೊಂದು ದಾರಿಯೂ ಇದೆ. ಇದರಲ್ಲಿ ಓದಿದವರೇ ಜಾಸ್ತಿ ಸಿಕ್ಕಿಬೀಳುತ್ತೇವೆ. “ಆ ಓಣಿ ಮಂದಿ ಹಂಗೇ”, “ತಾಂಡಾದವರು ಹಂಗ ಮಾಡ್ತಾರ”, “ಅವರ ಜಾತಿಯವರು ಜಗಳಗಂಟರು”, “ಸಾಬರು ಹಿಂಗ”, “ಬೆಂಗಳೂರಾಗ ನಮ್ಮ ಕಡಿಯವರನ್ನ ಕಂಡ್ರ ಆಗಲ್ಲ”. ಬೈಗುಳ ಇಲ್ಲ, ದ್ವೇಷವೂ ಇಲ್ಲ. ಆದರೆ ಒಂದು ಗುಂಪಿನ ಜನರೆಲ್ಲ ಹುಟ್ಟಿನಿಂದಲೇ ಒಂದೇ ಥರ ಅಂತ ಈ ಮಾತು ಮಗುವಿಗೆ ಹೇಳುತ್ತದೆ. ಮನಶ್ಶಾಸ್ತ್ರಜ್ಞೆ ಮಾರ್ಜರಿ ರೋಡ್ಸ್ ಮತ್ತು ಜೊತೆಗಾರರು 2012ರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ‘ಝಾರ್ಪಿ’ಗಳು ಅನ್ನುವ, ಲೋಕದಲ್ಲೇ ಇಲ್ಲದ ಜನರ ಚಿತ್ರ ತೋರಿಸಿ ಕಥೆ ಹೇಳಿದರು. ಕೆಲವು ಮಕ್ಕಳಿಗೆ “ಝಾರ್ಪಿಗಳು ಹೀಗೆ ಮಾಡುತ್ತಾರೆ” ಅಂತ, ಕೆಲವರಿಗೆ “ಈ ಝಾರ್ಪಿ ಹೀಗೆ ಮಾಡುತ್ತಾನೆ” ಅಂತ. ಮೊದಲನೇ ಥರ ಕೇಳಿದ ಮಕ್ಕಳೇ, ಝಾರ್ಪಿಗಳ ಗುಣ ಹುಟ್ಟಿನಿಂದ ಬಂದದ್ದು, ಬದಲಾಗದ್ದು ಅಂತ ಜಾಸ್ತಿ ನಂಬಿದರು. ಹೊಗಳಿಕೆಯೂ ಇದೇ ಕೆಲಸ ಮಾಡುತ್ತದೆ. “ನಮ್ಮ ಮಂದಿ ಬಾಳ ಶಾಣ್ಯಾ” ಅನ್ನುವುದನ್ನೂ ಬಿಡಿ.

ಶಾಲೆಯ ಪಾಲೂ ಇದೆ. ಟೀಚರ್ ಜಾಗ ಬದಲಿಸಿದ್ದು ನನಗೆ ಬೇಸರ ತಂದಿತು. ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವಾಗ ಅಳುವ ಹುಡುಗನನ್ನು ಬೇರೆ ಕಡೆ ಕೂರಿಸುವುದು ಸುಲಭ, ಅದು ಅರ್ಥವಾಗುತ್ತದೆ. ಆದರೆ ಹುಡುಗ ಅದರಿಂದ ಏನು ಕಲಿತ? ತಾನು ಹೇಳಿದ್ದು ಸರಿ, ದೊಡ್ಡವರೂ ಒಪ್ಪಿದರು ಅಂತ.

ಬಿಸಿಯೂಟದ ಸಾಲನ್ನೂ ಒಮ್ಮೆ ನೋಡಿ ಬನ್ನಿ. ಬೀದರ್, ಕಲಬುರಗಿ, ಯಾದಗಿರಿ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದರು. ಅಪೌಷ್ಟಿಕತೆ, ರಕ್ತಹೀನತೆ ಇಲ್ಲಿ ಜಾಸ್ತಿ ಇದ್ದದ್ದೇ ಕಾರಣ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ಬಹಳ ಒಳ್ಳೆಯ ಕೆಲಸ, ಅದು ಬೇಕೇ ಬೇಕು. ನಾನು ಹೇಳುತ್ತಿರುವುದು ಸಾಲಿನ ಬಗ್ಗೆ. ಮೊಟ್ಟೆಯವರು ಒಂದು ಸಾಲು, ಬಾಳೆಹಣ್ಣಿನವರು ಇನ್ನೊಂದು ಸಾಲು ಅಂತ ದಿನಾ ನಿಲ್ಲಿಸಿದರೆ, ಬಿಗ್ಲರ್ ಪ್ರಯೋಗದ ಎರಡು ಬಣ್ಣದ ಅಂಗಿ ನಮ್ಮ ಶಾಲೆಗೇ ಬಂದ ಹಾಗೆ. ಒಂದೇ ಸಾಲಿನಲ್ಲಿ ನಿಂತು, ತಟ್ಟೆಗೆ ಬೇಕಾದ್ದನ್ನು ಹಾಕಿಸಿಕೊಂಡು, ಬೆರೆತು ಕೂತು ಉಂಡರೆ ತೊಂದರೆಯೇ ಇಲ್ಲ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವಾಗ “ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ” ಅನ್ನುವುದೂ ಹಾಗೇ. ಹೆಸರು ಕರೆದು ಆಫೀಸ್ ರೂಮಿನಲ್ಲಿ ತುಂಬಿಸಬಹುದು.

ಎದ್ದು ನಿಲ್ಲಿಸುವುದರಿಂದ ಏನಾಗುತ್ತದೆ ಅಂತ ಕೇಳಬಹುದು. ಇಲ್ಲಿ ನೀವು ಕೇಳದ ಒಬ್ಬ ಮಗುವಿನ ಬಗ್ಗೆ ಹೇಳಲೇಬೇಕು. ನಿಮ್ಮ ಪತ್ರದಲ್ಲಿ ಆ ಹುಡುಗಿ ಒಂದೇ ಸಾಲಿನಲ್ಲಿ ಬಂದು ಹೋದಳು. ಅವಳಿಗೂ ಆರೇ ವರ್ಷ. ಬೆಂಚಿನಲ್ಲಿ ಪಕ್ಕದವನು ಅತ್ತು ಎದ್ದು ಹೋದದ್ದನ್ನು, ಟೀಚರ್ ಅವನನ್ನು ಬೇರೆ ಕಡೆ ಕೂರಿಸಿದ್ದನ್ನು ಅವಳು ಕೂತಲ್ಲೇ ಕೂತು ನೋಡಿದ್ದಾಳೆ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು-ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಆಟ ಕೊಟ್ಟರು. ಎಷ್ಟು ಬಿಡಿಸಿದರೆ ಅಷ್ಟು ಹಣ. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಮೇಲ್ಜಾತಿಯ ಹುಡುಗರಿಗೂ ದಲಿತ ಹುಡುಗರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆಸರು, ಜಾತಿ ಎಲ್ಲರೆದುರು ಓದಿ ಆಡಿಸಿದಾಗ ದಲಿತ ಹುಡುಗರು ಬಿಡಿಸಿದ ಲೆಕ್ಕ ಗಣನೀಯವಾಗಿ ಕುಸಿಯಿತು. ಅದೇ ಬುದ್ಧಿ, ಅದೇ ಆಟ. ನಡುವೆ ಬಂದದ್ದು ಒಂದು ಘೋಷಣೆ ಮಾತ್ರ. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ 1940ರ ದಶಕದಲ್ಲಿ ಕಪ್ಪು ಮಕ್ಕಳ ಮುಂದೆ ಕಪ್ಪು ಗೊಂಬೆ, ಬಿಳಿ ಗೊಂಬೆ ಇಟ್ಟು ಯಾವುದು ಚೆಂದ ಅಂತ ಕೇಳಿದ್ದರು. ಮೂರರಿಂದ ಏಳು ವರ್ಷದ ಆ ಮಕ್ಕಳಲ್ಲಿ ಹೆಚ್ಚಿನವರು ಬಿಳಿ ಗೊಂಬೆ ತೋರಿಸಿದರು. ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಅವರ ಕೆಲಸವನ್ನೂ ಉಲ್ಲೇಖಿಸಿತು. ನಿಮ್ಮ ಮಗ ಕಲಿತ ಪಾಠವನ್ನೇ ಆ ಹುಡುಗಿಯೂ ಕಲಿಯುತ್ತಿದ್ದಾಳೆ, ತನ್ನ ಬಗ್ಗೆಯೇ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ.

ಈಗ ಏನು ಮಾಡುವುದು? ಮೊದಲು ಗ್ಲಾಸು. ಮಗನ ಜೊತೆ ಮಾತು ಆಮೇಲೆ. ಬೇರೆ ಗ್ಲಾಸು ಗೂಡಿನಲ್ಲಿ ಇರುವ ತನಕ ನೀವು ಎಷ್ಟು ಚೆಂದ ಮಾತಾಡಿದರೂ ಅವನು ಗ್ಲಾಸನ್ನೇ ನಂಬುತ್ತಾನೆ. ಕಾಗದದ ಕಪ್ಪು ತಂದು ದಾಟಿಕೊಳ್ಳಬೇಡಿ. ಎಲ್ಲರಿಗೂ ಕಾಗದದ ಕಪ್ಪು ಕೊಟ್ಟರೆ ಸರಿ. ಆಳುಗಳಿಗೆ ಮಾತ್ರ ಅಂದರೆ ಅದೇ ಹಳೆ ಗ್ಲಾಸು.

ಅತ್ತೆಯವರ ವಿಷಯ ಕಷ್ಟದ್ದು, ಗೊತ್ತು. ಸೊಸೆ ಹೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಯಜಮಾನರೇ ತಮ್ಮ ಅವ್ವನ ಹತ್ತಿರ ಕೂತು ಹೇಳಲಿ. ಮಗುವಿನ ಎದುರು ಬೇಡ, ಹಿರಿಯರನ್ನು ತಲೆ ತಗ್ಗಿಸುವಂತೆ ಮಾಡಬೇಡಿ. ಅವರಿಗೂ ಇದನ್ನು ಕಲಿಸಿದವರು ಇದ್ದರು. “ಅವ್ವಾ, ಹುಡುಗ ಸಾಲ್ಯಾಗ ಹಿಂಗಂದಾನ. ನಾಳೆ ನೌಕರಿಗೆ ಹೋದಲ್ಲಿ ಹಿಂಗಂದ್ರ ಅವನ ಗತಿ ಏನು?” ಅಂತ ಕೇಳಲಿ. ಧರ್ಮ, ಶಾಸ್ತ್ರದ ವಾದಕ್ಕೆ ಇಳಿದರೆ ಅವರು ಗೆಲ್ಲುತ್ತಾರೆ ಅಥವಾ ಅಳುತ್ತಾರೆ. ಮೊಮ್ಮಗನ ಹೆಸರಿನಲ್ಲಿ ಕೇಳಿದರೆ ಬಗ್ಗುವ ಅಜ್ಜಿಯರೇ ಜಾಸ್ತಿ. ಅವರ ಮನಸ್ಸು ಬದಲಾಗದಿದ್ದರೂ ಪರವಾಗಿಲ್ಲ, ಮನೆಯ ಪದ್ಧತಿ ಬದಲಾಗಲಿ. ಮುಂದಿನ ಸಲ ಚಹಾ ಕೊಡುವವರು ನೀವೇ ಆಗಿ. ಮಗನ ಎದುರೇ ಕೊಡಿ, ಅವರ ಜೊತೆ ನೀವೂ ಕಟ್ಟೆ ಮೇಲೆ ಕೂತು ಕುಡಿಯಿರಿ.

ಆಮೇಲೆ ಮಗನ ಜೊತೆ ಕೂಡಿ. “ಎಲ್ಲರೂ ಒಂದೇ” ಅಂತ ಮಾತ್ರ ಹೇಳಿ ಮುಗಿಸಬೇಡಿ. ಎಲ್ಲರನ್ನೂ ಒಂದೇ ಥರ ನೋಡುತ್ತಿಲ್ಲ ಅನ್ನುವುದು ಅವನ ಕಣ್ಣಿಗೇ ಕಂಡಿದೆ. ಕಣ್ಣಿಗೆ ಕಂಡಿದ್ದನ್ನು ಇಲ್ಲ ಅಂದರೆ ಅವನು ನಿಮ್ಮ ಮಾತನ್ನು ಬಿಡುತ್ತಾನೆ. ನಿಜವನ್ನೇ ಅವನ ವಯಸ್ಸಿಗೆ ಹೊಂದುವಂತೆ ಹೇಳಿ: “ಹಿಂದಕ ಕೆಲವು ಮಂದಿನ್ನ ದೂರ ಇಡ್ತಿದ್ರು. ಅದು ತಪ್ಪು. ಅವರಿಗೆ ಬಾಳ ನೋವಾಗ್ತದ. ನಮ್ಮ ಮನ್ಯಾಗೂ ಗ್ಲಾಸು ಬ್ಯಾರೆ ಇತ್ತು. ಇನ್ನ ಇರಂಗಿಲ್ಲ. ನೀ ಅಂದಿದ್ದೂ ತಪ್ಪು.” ಅಷ್ಟು ಸಾಕು. ಅವನು ‘ಯಾಕ’ ಅಂತ ಕೇಳಿದಷ್ಟಕ್ಕೇ ಉತ್ತರ ಕೊಡಿ, ಭಾಷಣ ಬೇಡ. ಯಾರದೋ ಅಂಗಿಗೆ ಕೆಸರಾಗಿದ್ದರೆ ಅಂಗಿ ಹೊಲಸಾಗಿದೆ, ಒಗೆದರೆ ಹೋಗುತ್ತದೆ ಅನ್ನಿ. ಮನುಷ್ಯರು ಹೊಲಸಾಗುವುದಿಲ್ಲ ಅನ್ನುವುದು ಆರು ವರ್ಷಕ್ಕೆ ಚೆನ್ನಾಗಿ ತಿಳಿಯುತ್ತದೆ.

ಅವನಿಗೂ ಅದೇ ಅನುಭವ ಮಾಡಿಸೋಣ, ಮನೆಯಲ್ಲಿ ಬೇರೆ ತಟ್ಟೆ ಕೊಟ್ಟು ದೂರ ಕೂರಿಸೋಣ ಅಂತ ಕೆಲವರು ಹೇಳಿಯಾರು. ಬೇಡ. 1968ರಲ್ಲಿ ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನ ಟೀಚರ್ ಜೇನ್ ಎಲಿಯಟ್, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, ತಮ್ಮ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು-ಕೀಳು ಮಾಡಿ ನೋಡಿದರು. ‘ಮೇಲಿನವರು’ ಅನ್ನಿಸಿಕೊಂಡ ಮಕ್ಕಳು ಒಂದೇ ದಿನದಲ್ಲಿ ದರ್ಪ ತೋರಿಸಿದರು, ‘ಕೀಳು’ ಅನ್ನಿಸಿಕೊಂಡವರು ಕುಗ್ಗಿದರು. ದೊಡ್ಡವರ ಒಂದು ಮಾತಿಗೆ ಮಕ್ಕಳು ಎಷ್ಟು ಬೇಗ ಬಗ್ಗುತ್ತಾರೆ ಅಂತ ಅದು ಲೋಕಕ್ಕೆ ತೋರಿಸಿತು. ಆದರೆ ಸಣ್ಣ ಮಕ್ಕಳಿಗೆ ನೋವು ಕೊಟ್ಟು ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಅವಮಾನ ಆದ ಮಗು ಹೆಚ್ಚಾಗಿ ಕಲಿಯುವುದು ಸಿಟ್ಟನ್ನೇ.

ಅದಕ್ಕಿಂತ ಗಟ್ಟಿ ಕೆಲಸ ಮಾಡುವುದು ಗೆಳೆತನ. ಆದರೆ ಒಂದೇ ಊರಲ್ಲಿ ಇದ್ದ ಮಾತ್ರಕ್ಕೆ ಅದು ಆಗುವುದಿಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಬೇರೆ ಗುಂಪಿನವರು ಸರಿಸಮ ಇರಬೇಕು, ಒಂದೇ ಗುರಿ ಇರಬೇಕು, ಕೂಡಿ ಕೆಲಸ ಮಾಡಬೇಕು, ದೊಡ್ಡವರ ಬೆಂಬಲ ಇರಬೇಕು. ಆಗ ಪೂರ್ವಗ್ರಹ ಕರಗುತ್ತದೆ. ನಮ್ಮ ಹಳ್ಳಿಗಳ ಮೊಹರಂ ನೋಡಿ. ಎಲ್ಲ ಜಾತಿಯವರು, ಹಿಂದೂಗಳು, ಮುಸ್ಲಿಮರು ಕೂಡಿ ಅಲಾಯಿ ಕುಣಿಯುತ್ತಾರೆ. ಎಷ್ಟು ಚೆಂದದ ಹಬ್ಬ! ಆದರೆ ಮರುದಿನ ಅದೇ ಊರಲ್ಲಿ ಗ್ಲಾಸು ಬೇರೆಯೇ ಇದ್ದರೆ, ಸರಿಸಮ ಅನ್ನುವ ಮೊದಲ ಷರತ್ತೇ ಬಿದ್ದುಹೋಯಿತು.

ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ ಯುವಕರ ಕ್ರಿಕೆಟ್ ಪಂದ್ಯಾವಳಿ ನಡೆಸಿ ನೋಡಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಬೆಳೆಯಿತು. ಎದುರಾಳಿಯಾಗಿ ಆಡಿದವರಲ್ಲಿ ಹಾಗಾಗಲಿಲ್ಲ, ಉಲ್ಟಾ ಪರಿಣಾಮವೂ ಕಂಡಿತು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅವರ ದೆಹಲಿ ಅಧ್ಯಯನ ಬಂದದ್ದು 2019ರಲ್ಲಿ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳ ಜೊತೆ ಕಲಿತ ಶ್ರೀಮಂತ ಮಕ್ಕಳು ಬಡವರ ಬಗ್ಗೆ ಭೇದ ಮಾಡುವುದು ಕಡಿಮೆಯಾಗಿತ್ತು, ಕೊಡುವ ಗುಣ ಹೆಚ್ಚಿತ್ತು ಅಂತ ಅದು ತೋರಿಸಿತು.

ನಿಮ್ಮ ಊರಿಗೆ ತಂದು ಹೇಳುವುದಾದರೆ, ಖೋ-ಖೋ ಆಡುವಾಗ ಇಬ್ಬರೂ ಒಂದೇ ತಂಡದಲ್ಲಿ ಇರಲಿ. ತರಗತಿಯಲ್ಲಿ ಚಿತ್ರ ಬಿಡಿಸುವಾಗ ನಾಲ್ಕು ಮಕ್ಕಳಿಗೆ ಒಂದೇ ಹಾಳೆ ಕೊಡಲಿ. ಅವಳು ಯಾವುದರಲ್ಲಿ ಜಾಣೆಯೋ ಅದರಲ್ಲಿ ಅವಳು ಕಲಿಸುವ ಜಾಗದಲ್ಲಿರಲಿ. ಇನ್ನೊಂದು ಮಾತು: ಕನಿಕರದಿಂದ ಮಗನ ಹಳೆ ಬಟ್ಟೆ, ಬ್ಯಾಗು ಅವಳಿಗೆ ಕೊಡಿಸಬೇಡಿ. ಕೊಡುವವನು ನಾನು, ತಗೊಳ್ಳುವವಳು ಅವಳು ಅಂತ ಅವನು ಕಲಿಯುತ್ತಾನೆ. ಹುಟ್ಟುಹಬ್ಬಕ್ಕೆ ಎಲ್ಲರ ಜೊತೆ ಮನೆಗೆ ಕರೆಯಿರಿ. ಅವರ ಮನೆಯವರು ಕರೆದರೆ ಹೋಗಿ, ಕೊಟ್ಟಿದ್ದನ್ನು ತಿಂದು ಬನ್ನಿ. ಎಳೆಯ ಕಣ್ಣು ಏನನ್ನು ದಿನಾ ನೋಡುತ್ತದೋ ಅದಕ್ಕೇ ಒಗ್ಗುತ್ತದೆ. ಮೂರು ತಿಂಗಳ ಹಸುಗೂಸುಗಳೂ ತಾವು ನೋಡಿ ಬೆಳೆದ ಥರದ ಮುಖಗಳನ್ನೇ ಹೆಚ್ಚು ಹೊತ್ತು ನೋಡುತ್ತವೆ. ಆದರೆ ಕಪ್ಪು, ಬಿಳಿ ಎರಡೂ ಥರದ ಮುಖಗಳ ನಡುವೆ ಬೆಳೆದ ಕೂಸುಗಳಲ್ಲಿ ಆ ಒಲವು ಕಾಣಲಿಲ್ಲ ಅಂತ ಇಸ್ರೇಲ್‌ನಲ್ಲಿ ಮಾಡಿದ ಅಧ್ಯಯನ ತೋರಿಸಿದೆ.

ಶಾಲೆಗೆ ಹೋಗಿ ಟೀಚರ್‌ಗೆ ಹೇಳಿ, ಆದರೆ ದೂರು ಅನ್ನುವ ಹಾಗೆ ಬೇಡ. ಅವನನ್ನು ಶಿಕ್ಷೆಯ ಹಾಗೆ ಮತ್ತೆ ಅವಳ ಪಕ್ಕಕ್ಕೆ ತಂದು ಕೂರಿಸಿದರೆ ಇಬ್ಬರಿಗೂ ಕಷ್ಟ. ಪ್ರತಿ ವಾರ ಎಲ್ಲ ಮಕ್ಕಳ ಜಾಗ ಬದಲಾಗುವ ಹಾಗೆ ಮಾಡಲಿ. ಆಗ ಯಾರ ಪಕ್ಕ ಯಾರು ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಟೀಚರ್ ಮನಸ್ಸು ಮಾಡದಿದ್ದರೆ ಮುಖ್ಯಗುರುಗಳು, ಅಲ್ಲಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ಹಿಂದುಳಿದ, ದುರ್ಬಲ ವರ್ಗದ ಮಕ್ಕಳಿಗೆ ಶಾಲೆಯಲ್ಲಿ ಭೇದ ಆಗದಂತೆ ನೋಡಿಕೊಳ್ಳುವುದು ಸರಕಾರದ ಕರ್ತವ್ಯ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಬೇಕಾದರೆ ಇದನ್ನು ಸಭೆಯಲ್ಲಿ ಓದಿ ಹೇಳಿ.

ಮಗನಿಂದ ತರಗತಿಯ ಎದುರು ಕ್ಷಮೆ ಕೇಳಿಸಬೇಡಿ. ಅದು ಆ ಹುಡುಗಿಯನ್ನು ಇನ್ನೊಮ್ಮೆ ಎಲ್ಲರೆದುರು ನಿಲ್ಲಿಸಿದ ಹಾಗೆ. ಕೆಲವು ತಿಂಗಳಲ್ಲಿ ಅವನು ಮತ್ತೆ ಅಂಥ ಮಾತು ಆಡಬಹುದು. ಗಾಬರಿ ಬೇಡ, ಅಷ್ಟೇ ತಣ್ಣಗೆ ಮತ್ತೆ ಹೇಳಿ. ಈ ವಾರ ಮಾತ್ರ ಒಂದು ಕೆಲಸ ತಪ್ಪಿಸಬೇಡಿ. ಆ ಹುಡುಗಿಯ ತಾಯಿಯನ್ನು ಅವರ ಮನೆಗೇ ಹೋಗಿ ಕಾಣಿ. ನಡೆದದ್ದನ್ನು ನೀವೇ ಹೇಳಿ, ಕ್ಷಮೆಯನ್ನೂ ನೀವೇ ಕೇಳಿ. ಮಗಳು ಮನೆಯಲ್ಲಿ ಹೇಗಿದ್ದಾಳೆ, ಶಾಲೆಗೆ ಹೋಗಲು ಹಿಂಜರಿಯುತ್ತಿದ್ದಾಳಾ ಅಂತ ವಿಚಾರಿಸಿ. ಶಾಲೆಯಲ್ಲಿ ಏನು ಕೇಳಬೇಕು, ಕೇಳಬೇಕೋ ಬೇಡವೋ ಅನ್ನುವುದನ್ನು ಅವರ ಮಾತು ಕೇಳಿದ ಮೇಲೆ ತೀರ್ಮಾನಿಸಿ.